ಊಟಕ್ಕೆ ಹೋದ್ರೆ ನರ್ಸ್ ಲೈಸೆನ್ಸ್ ಹೋಗುತ್ತಾ?

ನರ್ಸಿಂಗ್ ಎಮರ್ಜೆನ್ಸಿ ಸೇವೆ, ಅದಕ್ಕೆ ಬ್ರೇಕ್ ಹಕ್ಕೇ ಇಲ್ಲ, ಊಟಕ್ಕೆ ವಾರ್ಡ್ ಬಿಟ್ರೆ ಪೇಷೆಂಟನ್ನ ಕೈಬಿಟ್ಟ ಹಾಗೆ, ಲೈಸೆನ್ಸ್ ರದ್ದಾಗುತ್ತೆ ಅನ್ನೋ ಮೆಸೇಜ್ ಗ್ರೂಪ್‌ಗಳಲ್ಲಿ ಆಗಾಗ ಬರ್ತಾನೇ ಇರುತ್ತೆ. ಇದು ಸರಿಯಲ್ಲ. ಭಯದಿಂದ ಫಾರ್ವರ್ಡ್ ಮಾಡೋರ ತಪ್ಪೂ ಅಲ್ಲ ಬಿಡಿ.

ಕೈಬಿಡೋದು ಅಂದ್ರೆ ಯಾರಿಗೂ ಒಪ್ಪಿಸದೆ ಎದ್ದು ಹೋಗೋದು. ಯಾವ ಬೆಡ್‌ನ ಡ್ರಿಪ್ ಮುಗೀತಾ ಬಂದಿದೆ, ಯಾರ ಬಿಪಿ ಮತ್ತೆ ನೋಡ್ಬೇಕು ಅಂತೆಲ್ಲ ಇನ್ನೊಬ್ಬ ನರ್ಸ್‌ಗೆ ಹೇಳಿ, ಅವ್ರು ಒಪ್ಕೊಂಡ್ಮೇಲೆ ಊಟಕ್ಕೆ ಹೋದ್ರೆ ಅದು ಕೈಬಿಟ್ಟ ಹಾಗಲ್ಲ. ಆ ಇನ್ನೊಬ್ಬ ನರ್ಸ್ ಇರೋ ಹಾಗೆ ನೋಡ್ಕೊಳ್ಳೋದು ಮ್ಯಾನೇಜ್‌ಮೆಂಟ್ ಕೆಲಸ, ಹಸಿದುಕೊಂಡು ಔಷಧಿ ಡೋಸ್ ಲೆಕ್ಕ ಹಾಕೋದು ಪೇಷೆಂಟ್‌ಗೂ ಒಳ್ಳೇದಲ್ಲ.

ನರ್ಸಿಂಗ್ ಸಿಬ್ಬಂದಿ ಬಗ್ಗೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ (ILO) 1977ರ ಶಿಫಾರಸು (ಸಂಖ್ಯೆ 157) ಇದೆ, ಅದ್ರಲ್ಲಿ ಊಟದ ಬಿಡುವು, ಡ್ಯೂಟಿ ಅವಧಿಯೊಳಗೇ ಸೇರೋ ವಿಶ್ರಾಂತಿ, ಎರಡು ಶಿಫ್ಟ್ ನಡುವೆ ಕನಿಷ್ಠ 12 ಗಂಟೆ ಬಿಡುವು ಇರ್ಬೇಕು ಅಂತ ಹೇಳಿದೆ. ಶಿಫಾರಸು ನೇರವಾಗಿ ಕಾನೂನಲ್ಲ, ಎಷ್ಟು ನಿಮಿಷ, ಆ ಹೊತ್ತಿಗೆ ಸಂಬಳ ಇದ್ಯಾ ಅನ್ನೋದು ಒಂದೊಂದು ದೇಶದಲ್ಲಿ ಒಂದೊಂದು ಥರ.

ಹಾಗಾಗಿ ಮೆಸೇಜ್ ಬಂದಾಗ ಯಾವ ದೇಶ, ಯಾವ ಕಾಯ್ದೆ, ಯಾವ ಸೆಕ್ಷನ್ ಅಂತ ಇದ್ಯಾ ನೋಡಿ. ಇದ್ರೆ ಆ ಸೆಕ್ಷನ್ನ ಸರ್ಕಾರಿ ವೆಬ್‌ಸೈಟಲ್ಲೇ ಓದಿ, ಜೊತೆಗೆ ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್, ನಿಮ್ಮ ನರ್ಸಿಂಗ್ ಕೌನ್ಸಿಲ್ ನಿಯಮಗಳನ್ನೂ ತೆಗೆದು ನೋಡಿ.