ಕುದುರೆಯ ದುಡ್ಡು ಕೊಟ್ಟವರು ಯಾರು?

ಹಳೆಯ ಕಾಲದ ಯಾವ ಯುದ್ಧದ ಮಾತು ಬಂದರೂ ನಮ್ಮಲ್ಲಿ ಚರ್ಚೆ ಎರಡೇ ದಾರಿ ಹಿಡಿಯುತ್ತದೆ: ಶೂರರು ಯಾರು, ದ್ರೋಹಿಗಳು ಯಾರು. ಅದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಸೈನ್ಯಕ್ಕೆ ಕುದುರೆ ಎಲ್ಲಿಂದ ಬಂತು, ಎಷ್ಟಕ್ಕೆ ಬಂತು, ಆ ದುಡ್ಡು ಯಾರದು ಎಂದು ಕೇಳದ ಹೊರತು ದಕ್ಷಿಣದ ಯುದ್ಧಗಳು ಅರ್ಥವಾಗುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಾನು ಇತಿಹಾಸದಲ್ಲಿ ಪದವಿ ಪಡೆದವನಲ್ಲ. ಮುಂಬಯಿಯ ಫೋರ್ಟ್‌ನಲ್ಲಿ ಹಡಗಿನ ಸರಕಿನ ಕಾಗದಪತ್ರ ನೋಡುವುದು ಹೊಟ್ಟೆಪಾಡು, ಹಳೆಯ ರಾಜಕೀಯ, ಯುದ್ಧ, ವ್ಯಾಪಾರಗಳ ಬಗ್ಗೆ ಓದುವುದು ಹವ್ಯಾಸ.

ಮುಂಬಯಿಯ ಬೋರಿವಲಿ ಪಶ್ಚಿಮದ ಎಕ್ಸರ್‌ನಲ್ಲಿ ಕೆಲವು ವೀರಗಲ್ಲುಗಳಿವೆ. ನಮ್ಮ ಊರುಗಳಲ್ಲಿ ಕಾಣುವ ವೀರಗಲ್ಲುಗಳಂತೆಯೇ ಕೆಳಗೆ ಕಾಳಗ, ಮೇಲೆ ಕೈಲಾಸ, ಶಿವಲಿಂಗದ ಪೂಜೆ. ಆದರೆ ಇಲ್ಲಿ ಕಾಳಗದ ಪಟ್ಟಿಕೆಗಳಲ್ಲಿ ಹಡಗುಗಳಿವೆ: ಚೂಪು ಮೂತಿ, ನಡುವೆ ಪಟಮರ, ಪಕ್ಕದಲ್ಲಿ ಒತ್ತೊತ್ತಾಗಿ ಕೆತ್ತಿದ ಹುಟ್ಟುಗಳ ಸಾಲು. ದೇವಗಿರಿಯ ಸೇವುಣ (ಯಾದವ) ಅರಸ ಮಹಾದೇವನಿಗೂ ಉತ್ತರ ಕೊಂಕಣದ ಶಿಲಾಹಾರ ಸೋಮೇಶ್ವರನಿಗೂ 1265ರ ಸುಮಾರಿಗೆ ನಡೆದ ಕಾಳಗ ಇದೆಂದು ವಿದ್ವಾಂಸರು ಹೇಳುತ್ತಾರೆ. ಸೋಮೇಶ್ವರ ಕಡಲಲ್ಲೇ ಮುಳುಗಿದ. ಘಟ್ಟದ ಮೇಲಿನ ಅರಸನಿಗೆ ಕಡಲ ಕಾಳಗ ಏಕೆ ಬೇಕಿತ್ತು? ಠಾಣೆ, ಸೋಪಾರಾ, ಚೌಲ್ ಬಂದರುಗಳ ಸುಂಕವನ್ನು ಬಿಟ್ಟು ಬೇರೆ ಉತ್ತರ ನನಗೆ ಹೊಳೆಯುವುದಿಲ್ಲ.

ಅದಾದ ಕೆಲವು ದಶಕಗಳಲ್ಲೇ ಮಾರ್ಕೊ ಪೋಲೊ ಠಾಣೆಯ ರಾಜನ ಬಗ್ಗೆ ಹೇಳುವ ಸಂಗತಿ ಇದೆ. ಅಲ್ಲಿನ ಕಡಲ್ಗಳ್ಳರಿಗೂ ರಾಜನಿಗೂ ಒಂದು ಒಪ್ಪಂದ: ಸುಲಿದ ಹಡಗಿನಲ್ಲಿ ಸಿಕ್ಕ ಕುದುರೆಗಳೆಲ್ಲ ರಾಜನಿಗೆ, ಉಳಿದದ್ದೆಲ್ಲ ಕಳ್ಳರಿಗೆ. ರಾಜನಿಗೆ ತಕ್ಕ ನಡತೆಯಲ್ಲ ಎಂದು ಪೋಲೊ ಬೇಸರಪಡುತ್ತಾನೆ. ಬಂಗಾರವನ್ನು ಕಳ್ಳರಿಗೆ ಬಿಟ್ಟು ಕುದುರೆಯನ್ನಷ್ಟೇ ಕೇಳುತ್ತಾನೆಂದರೆ ಕುದುರೆಯ ಅಭಾವ ಎಷ್ಟಿತ್ತು ಎಂದು ನೀವೇ ಲೆಕ್ಕ ಹಾಕಿ. ಅರೇಬಿಯಾದಿಂದ, ಪರ್ಶಿಯಾ ಕೊಲ್ಲಿಯ ಬಾಯಲ್ಲಿರುವ ಹೊರ್ಮುಜ್ ಬಂದರಿನಿಂದ ಬಂದ ಕುದುರೆಗಳು ನಮ್ಮ ಸೆಕೆಗೆ, ನಮ್ಮ ಮೇವಿಗೆ ಒಗ್ಗದೆ ಸಾಯುತ್ತಿದ್ದವು. ಒಮ್ಮೆ ಕೊಂಡರೆ ಮುಗಿಯುತ್ತಿರಲಿಲ್ಲ, ವರ್ಷ ವರ್ಷವೂ ಕೊಳ್ಳಬೇಕಿತ್ತು.

ನಮ್ಮ ಕಚೇರಿಯಲ್ಲಿ ಯಾವ ಸರಕಿಗಾದರೂ ಮೊದಲು ಕೇಳುವ ಪ್ರಶ್ನೆ: ದಾರಿಯಲ್ಲಿ ಹಾಳಾದರೆ ನಷ್ಟ ಯಾರ ತಲೆಯ ಮೇಲೆ? ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಇದಕ್ಕೆ ಉತ್ತರ ಬರೆದಿಟ್ಟಿದ್ದಾನೆ. ವಿಜಯನಗರದ ಹಿಂದಿನ ಅರಸ ಸಾಳುವ ನರಸಿಂಹ ಸಾವಿರ ಪರ್ದಾವ್‌ಗೆ (ಪೋರ್ಚುಗೀಸರು ವರಹಕ್ಕೆ ಕೊಟ್ಟ ಹೆಸರು) ಮೂರರಂತೆ ಕುದುರೆ ಕೊಳ್ಳುತ್ತಿದ್ದ. ಕಡಲಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಪೂರ್ತಿ ಹಣ ಎಣಿಸಿ ಕೊಡುತ್ತಿದ್ದ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಹಲವರು ಇದನ್ನು ಅರಸನ ಔದಾರ್ಯ ಎನ್ನುತ್ತಾರೆ. ನನ್ನ ಪ್ರಕಾರ ಇದು ಅಪ್ಪಟ ವ್ಯಾಪಾರದ ಬುದ್ಧಿ. ನಷ್ಟದ ಭಯ ತಪ್ಪಿದರೆ ಹಡಗಿನವನು ಬೇರೆ ಬಂದರಿಗೆ ಏಕೆ ಹೋಗುತ್ತಾನೆ? ಕೃಷ್ಣದೇವರಾಯ ತನ್ನ ತೆಲುಗು ಕಾವ್ಯ ‘ಆಮುಕ್ತಮಾಲ್ಯದ’ದಲ್ಲಿ ಇದನ್ನು ಬಿಚ್ಚಿಯೇ ಹೇಳಿದ್ದಾನೆ: ದೂರದೇಶದಿಂದ ಆನೆ, ಕುದುರೆ ತರುವ ವ್ಯಾಪಾರಿಗಳಿಗೆ ದರ್ಶನ ಕೊಡು, ಉಡುಗೊರೆ ಕೊಡು, ಒಳ್ಳೆಯ ಲಾಭ ಸಿಗುವಂತೆ ನೋಡಿಕೋ, ಆಗ ಅವು ನಿನ್ನ ಶತ್ರುವಿನ ಕೈಸೇರುವುದಿಲ್ಲ.

1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ಈ ಸೂತ್ರವನ್ನು ತಿರುಗಿಸಿ ಹಿಡಿದ. ಕುದುರೆಯ ಹಡಗುಗಳೆಲ್ಲ ಗೋವಾದಲ್ಲೇ ಇಳಿಯಬೇಕೆಂದು ಒತ್ತಾಯಿಸಿದ. ಭಟ್ಕಳದ ವ್ಯಾಪಾರಕ್ಕೆ ಪೆಟ್ಟು ಬಿತ್ತು. ವಿಜಯನಗರ, ಬಿಜಾಪುರ ಎರಡೂ ಅವನ ಬಾಗಿಲು ಕಾಯುವಂತಾಯಿತು. 1547ರ ಒಪ್ಪಂದದಲ್ಲಿ ವಿಜಯನಗರ ಗೋವಾದ ಕುದುರೆಗಳನ್ನು ತನಗೇ ಉಳಿಸಿಕೊಂಡಿತು, ಬದಲಿಗೆ ಪೆಟ್ಲುಪ್ಪು, ಕಬ್ಬಿಣವನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟಿತು. ಪೆಟ್ಲುಪ್ಪು ಎಂದರೆ ಮದ್ದಿನ ಪುಡಿಯ ಮುಖ್ಯ ಸಾಮಗ್ರಿ! ಕುದುರೆಗಾಗಿ ಮದ್ದಿನ ಸಾಮಗ್ರಿಯನ್ನೇ ಕೊಟ್ಟ ಈ ವಿನಿಮಯ ಶಾಲೆಯ ಪುಸ್ತಕದಲ್ಲಿ ಏಕಿಲ್ಲ? 1565ರ ಜನವರಿಯಲ್ಲಿ ರಕ್ಕಸಗಿ–ತಂಗಡಗಿಯಲ್ಲಿ (ತಾಳೀಕೋಟೆ ಕದನ) ವಿಜಯನಗರಕ್ಕಾದ ಸೋಲಿನ ಬಗ್ಗೆ ನಾವು ಇಂದಿಗೂ ಕಚ್ಚಾಡುತ್ತೇವೆ. ಆ ಸೋಲಿನಿಂದ ಗೋವಾದ ಕುದುರೆ, ರೇಷ್ಮೆ ವ್ಯಾಪಾರವೂ ಕುಸಿಯಿತೆಂದು ಪೋರ್ಚುಗೀಸ್ ಚರಿತ್ರಕಾರ ದಿಯೋಗೊ ದೊ ಕೌತೊ ಬರೆದಿರುವುದು ಎಷ್ಟು ಜನರಿಗೆ ಗೊತ್ತು?

ಇನ್ನು ದುಡ್ಡಿನ ಮೂಲ. ನೂನಿಜ್ ನಾಯಕರ ಪಟ್ಟಿ ಕೊಡುತ್ತಾನೆ: ಯಾರ ಸೀಮೆಯ ಹುಟ್ಟುವಳಿ ಎಷ್ಟು, ಅದಕ್ಕೆ ಪ್ರತಿಯಾಗಿ ಎಷ್ಟು ಕುದುರೆ, ಎಷ್ಟು ಕಾಲಾಳು, ಎಷ್ಟು ಆನೆ ಸಾಕಬೇಕು. ರೈತ ಬೆಳೆದದ್ದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಒಡೆಯರಿಗೇ ಹೋಗುತ್ತಿತ್ತು ಎಂದೂ ಬರೆಯುತ್ತಾನೆ. ಅಷ್ಟು ಕೊಟ್ಟು ಯಾವ ರೈತನೂ ಬದುಕಲಾರ, ಅದು ಉತ್ಪ್ರೇಕ್ಷೆ ಎಂದೇ ನಾನು ತಿಳಿಯುತ್ತೇನೆ. ಆದರೆ ಅವನು ಕಂಡ ಸಂಕಟ ಸುಳ್ಳಲ್ಲ. ಒಣಭೂಮಿಯಲ್ಲಿ ಜೋಳ, ಹುರುಳಿ ಬೆಳೆದವನ ಕಂದಾಯ ವರಹವಾಗಿ ಹೊರ್ಮುಜ್‌ಗೆ ಹೋಯಿತು. ಅವನ ಹೆಸರಿಗೆ ವೀರಗಲ್ಲು ಇಲ್ಲ.

ಭಟ್ಕಳ, ಹೊನ್ನಾವರ, ಅಂಕೋಲಾ ಕಡೆಯವರು ಇದನ್ನು ಓದುತ್ತಿದ್ದರೆ ದಯವಿಟ್ಟು ತಿಳಿಸಿ: ಕುದುರೆಗಳನ್ನು ಇಳಿಸುತ್ತಿದ್ದ ಜಾಗ ಇದೆಂದು ಹಿರಿಯರು ತೋರಿಸಿದ್ದುಂಟೇ? ಘಟ್ಟ ಹತ್ತಿಸಿದ ದಾರಿ ಯಾವುದು, ದಾರಿಯುದ್ದಕ್ಕೂ ಅವಕ್ಕೆ ಹುಲ್ಲು, ಹುರುಳಿ ಒದಗಿಸಿದ ಊರುಗಳು ಯಾವುವು?