ಸಾಹೇಬರ ವ್ಯಾಕರಣ

ಶಾಲೆಯಲ್ಲಿ ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಅಂತ ಓದಿದ್ದು ನೆನಪಿದೆಯಾ? ನಾನಂತೂ ಪರೀಕ್ಷೆ ಮುಗಿದ ಸಂಜೆಯೇ ಮರೆತಿದ್ದೆ. ಕೆಲಸಕ್ಕೆ ಸೇರಿದ ಮೇಲೆ ನಮ್ಮ ಸಾಹೇಬರು ಮತ್ತೆ ಕಲಿಸಿದರು.

ಟಾರ್ಗೆಟ್ ಮುಟ್ಟಿದ ತಿಂಗಳು ಅವರದ್ದು ಕರ್ತರಿ ಪ್ರಯೋಗ. 'ನಾನು ಪ್ಲಾನ್ ಮಾಡಿದೆ. ನಾನು ಬೆನ್ನು ಹತ್ತಿದೆ. ನಾನು ಮಾಡಿ ತೋರಿಸಿದೆ.' ಗ್ರಾಹಕರು ಕೈಬಿಟ್ಟು ಹೋದ ತಿಂಗಳು ಕರ್ಮಣಿ. 'ಕೆಲವು ನಿರ್ಧಾರಗಳು ತೆಗೆದುಕೊಳ್ಳಲ್ಪಟ್ಟವು. ತಪ್ಪುಗಳು ಆಗಿವೆ.' ಯಾರಿಂದ? ನಮ್ಮ ಮೇಷ್ಟ್ರು 'ರಾಮನಿಂದ ಮರ ಕಡಿಯಲ್ಪಟ್ಟಿತು' ಅಂತಾದರೂ ಹೇಳುತ್ತಿದ್ದರು. ಸಾಹೇಬರ ವಾಕ್ಯದಲ್ಲಿ ರಾಮನೂ ಇಲ್ಲ, ಕೊಡಲಿಯೂ ಇಲ್ಲ. ಮರ ಮಾತ್ರ ಬಿದ್ದಿದೆ. ಕರ್ತೃ ನಾಪತ್ತೆ, ಕರ್ಮ ನಮ್ಮದು.

ಆಮೇಲೆ ಪಠ್ಯಪುಸ್ತಕದಲ್ಲಿ ಇಲ್ಲದ ಮೂರನೆಯದು ಶುರುವಾಗುತ್ತದೆ. ಕತ್ತರಿ ಪ್ರಯೋಗ. ಅದು ಯಾವಾಗಲೂ ಕೆಳಗಿನವರ ಮೇಲೆ.

ಹಾಗೆ ನೋಡಿದರೆ ನಮ್ಮ ಸಾಹೇಬರು ಇನ್ನೂ ವಿದ್ಯಾರ್ಥಿ. ಪಂಡಿತರು ಬೇರೆಯೇ ಇದ್ದಾರೆ. 2015ರಲ್ಲಿ ಫೋಕ್ಸ್‌ವ್ಯಾಗನ್ ಕಾರುಗಳು ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡುತ್ತಿದ್ದದ್ದು ಬಯಲಾಯಿತು. ಒಂದೆರಡಲ್ಲ, ಸುಮಾರು 1.1 ಕೋಟಿ ಕಾರು. ಮುಖ್ಯಸ್ಥ ಮಾರ್ಟಿನ್ ವಿಂಟರ್‌ಕಾರ್ನ್ ಹೊಣೆ ಹೊತ್ತು ಹುದ್ದೆ ಬಿಟ್ಟರು. ಅದೇ ಹೇಳಿಕೆಯಲ್ಲಿ, ತನ್ನಿಂದ ಯಾವ ತಪ್ಪಾದದ್ದೂ ತನಗೆ ಗೊತ್ತಿಲ್ಲ ಅಂತಲೂ ಸೇರಿಸಿದರು. ಹೊಣೆ ನನ್ನದು, ತಪ್ಪು ನನ್ನದಲ್ಲ! ಎರಡನ್ನೂ ಒಂದೇ ಉಸಿರಲ್ಲಿ ಹೇಳಲು ಎಷ್ಟು ವರ್ಷದ ಸಾಧನೆ ಬೇಕೋ ಏನೋ. ಮುಂದಿನ ತಿಂಗಳು ಕಂಪನಿಯ ಅಮೆರಿಕದ ಮುಖ್ಯಸ್ಥರು ಅಲ್ಲಿನ ಸಂಸತ್ತಿನ ಸಮಿತಿಯ ಮುಂದೆ ಕೂತು, ಇದು ಒಂದಿಬ್ಬರು ಸಾಫ್ಟ್‌ವೇರ್ ಎಂಜಿನಿಯರುಗಳ ಕೆಲಸ ಅಂದರು. ಒಂದಿಬ್ಬರು! ನಮ್ಮಲ್ಲಿ ಹೊಸ ಮೌಸ್ ತರಿಸಬೇಕಂದ್ರೂ ನಾಲ್ಕು ಜನರ ಸಹಿ ಬೇಕು.

ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನದ್ದು ಇನ್ನೂ ಸೊಗಸು. ಗ್ರಾಹಕರಿಗೆ ಗೊತ್ತೇ ಇಲ್ಲದೆ ಅವರ ಹೆಸರಲ್ಲಿ ಲಕ್ಷಗಟ್ಟಲೆ ಖಾತೆ ತೆರೆದ ವಿಷಯ 2016ರಲ್ಲಿ ದೊಡ್ಡ ಸುದ್ದಿಯಾಯಿತು. ಅಷ್ಟರಲ್ಲಿ ಇದೇ ತಪ್ಪಿಗೆ ಸುಮಾರು 5,300 ನೌಕರರನ್ನು ಮನೆಗೆ ಕಳಿಸಿಯಾಗಿತ್ತು. ಅಂದರೆ ಐದು ಸಾವಿರ ಚಿಲ್ಲರೆ ಜನ, ಪಾಪ, ಮೇಲಿನ ಯಾರ ಒತ್ತಡವೂ ಇಲ್ಲದೆ, ಸುಮ್ನೆ, ತಂತಮ್ಮ ಕುರ್ಚಿಯಲ್ಲಿ ಕೂತು ಒಂದೇ ತಪ್ಪನ್ನು ಕಂಡುಹಿಡಿದಿದ್ದರು. ನಂಬಬೇಕು, ಅಲ್ವಾ?

ನಮ್ಮ ಸಾಹೇಬರ ಕುರ್ಚಿಯ ಹಿಂದೆ 'ಪ್ರಾಮಾಣಿಕತೆಯೇ ನಮ್ಮ ಉಸಿರು' ಅನ್ನುವ ದೊಡ್ಡ ಫಲಕವಿದೆ. ಎದುರು ನಿಂತು ಬೈಸಿಕೊಳ್ಳುವವರಿಗೆ ಚೆನ್ನಾಗಿ ಕಾಣುತ್ತದೆ. ಅವರ ಬೆನ್ನು ಮಾತ್ರ ಅದರ ಕಡೆಗೆ.

ಹೋದ ವಾರ ಎಲ್ಲರಿಗೂ ಪ್ರಾಮಾಣಿಕತೆಯ ತರಬೇತಿ ಇತ್ತು. ಎರಡು ಗಂಟೆ, ಕಡ್ಡಾಯ, ತಪ್ಪಿಸಿಕೊಂಡರೆ ಸಂಬಳಕ್ಕೆ ಕತ್ತರಿ. ಸಾಹೇಬರಿಗೆ ಪುರುಸೊತ್ತಾಗಲಿಲ್ಲ. ಆದರೂ ಹಾಜರಿ ಪಟ್ಟಿಯಲ್ಲಿ ಮೊದಲ ಸಹಿ ಅವರದ್ದೇ.

ಹಾಕಲ್ಪಟ್ಟಿದೆ.