ಸ್ಪಷ್ಟನೆ: ಸಿಂಹಗಳ ಗವಿಗೆ ಬಿದ್ದ ದಾನಿಯೇಲ ಹುಡುಗನಲ್ಲ

ಸಂಡೇ ಸ್ಕೂಲ್ ಪಾಠಗಳಲ್ಲಿ, ವಾಟ್ಸಾಪ್ ಚಿತ್ರಗಳಲ್ಲಿ ಸಿಂಹಗಳ ನಡುವೆ ಮೀಸೆ ಮೂಡದ ಹುಡುಗನೊಬ್ಬ ಕೂತಿರುತ್ತಾನೆ. ‘ಬಾಲಕ ದಾನಿಯೇಲನ ಧೈರ್ಯ’ ಎಂಬ ಶೀರ್ಷಿಕೆ ಬೇರೆ. ಇದು ತಪ್ಪು.

ಬೈಬಲಿನ ದಾನಿಯೇಲನ ಗ್ರಂಥ ಅವನ ವಯಸ್ಸನ್ನು ನೇರವಾಗಿ ಹೇಳುವುದಿಲ್ಲ, ಆದರೆ ಲೆಕ್ಕ ಕೊಡುತ್ತದೆ. 1ನೇ ಅಧ್ಯಾಯದಂತೆ ಯೆಹೂದದ ಅರಸ ಯೆಹೋಯಾಕೀಮನ ಆಳ್ವಿಕೆಯ 3ನೇ ವರ್ಷ, ಅಂದರೆ ಸುಮಾರು ಕ್ರಿ.ಪೂ. 605ರಲ್ಲಿ, ಅವನು ಸೆರೆಯಾಗಿ ಬಾಬೆಲಿಗೆ (ಬ್ಯಾಬಿಲೋನಿಗೆ) ಹೋದ. ಗವಿಯ ಘಟನೆ 6ನೇ ಅಧ್ಯಾಯದ್ದು, ಬಾಬೆಲ್ ಬಿದ್ದ ಮೇಲೆ ಆಳಿದ ರಾಜ ದಾರ್ಯಾವೆಷನ ಕಾಲದ್ದು. ಬಾಬೆಲ್ ಬಿದ್ದದ್ದು ಕ್ರಿ.ಪೂ. 539ರಲ್ಲಿ. ನಡುವೆ 66 ವರ್ಷ. ಸೆರೆಹೋದಾಗ 15 ಎಂದಿಟ್ಟುಕೊಂಡರೂ ಗವಿಯ ಹೊತ್ತಿಗೆ 80 ದಾಟಿತ್ತು. ಆಗ ಅವನು 120 ದೇಶಾಧಿಪತಿಗಳ ಮೇಲಿದ್ದ ಮೂವರು ಮುಖ್ಯಾಧಿಕಾರಿಗಳಲ್ಲಿ ಒಬ್ಬ.

1ನೇ ಅಧ್ಯಾಯದಲ್ಲಿ ಕಾಯಿಪಲ್ಯ ತಿಂದು 10 ದಿನ ಪರೀಕ್ಷೆಗೆ ನಿಂತ ಹುಡುಗನನ್ನೇ ಕೆಲವು ಪುಟ ದಾಟಿಸಿ ಗವಿಗಿಳಿಸುವುದರಿಂದ ಈ ಗೊಂದಲ.

ವಯಸ್ಸು ತಪ್ಪಿದರೆ ಪಾಠವೂ ತಪ್ಪುತ್ತದೆ. 6ನೇ ಅಧ್ಯಾಯದ 10ನೇ ವಚನ ಗಮನಿಸಿ: 30 ದಿನ ರಾಜನಿಗಲ್ಲದೆ ಬೇರಾರಿಗೂ ಬಿನ್ನಹ ಮಾಡಬಾರದು, ಮಾಡಿದರೆ ಸಿಂಹಗಳ ಗವಿ ಎಂಬ ಆಜ್ಞೆ ಹೊರಟಮೇಲೂ ಯೆರೂಸಲೇಮಿನ ಕಡೆಗೆ ಕಿಟಕಿ ತೆರೆದಿದ್ದ ಕೋಣೆಯಲ್ಲಿ ದಿನಕ್ಕೆ 3 ಸಲ, ಮೊದಲಿನಂತೆಯೇ, ಮೊಣಕಾಲೂರಿದ. ಆ ‘ಮೊದಲಿನಂತೆ’ಯೇ ಪಾಠದ ತಿರುಳು. ಅಪಾಯ ಬಂದ ದಿನ ಹುಟ್ಟಿದ ಧೈರ್ಯವಲ್ಲ ಅದು, ದಶಕಗಳ ರೂಢಿ.

ಪಾಠ ಮಾಡುವವರು 1 ಮತ್ತು 6ನೇ ಅಧ್ಯಾಯಗಳನ್ನು ಎರಡು ಭಾನುವಾರಗಳಿಗೆ ಹಂಚಿ. ಎರಡನೆಯ ವಾರದ ಚಿತ್ರಕ್ಕೆ ಬಿಳಿಗಡ್ಡ ಬರೆಸಿ.